ಬ್ಯಾಲೆನ್ಸ್ಡ್ ಫೋನೋ ಪ್ರೀಆಂಪ್ ತಗೊಳ್ಳುವ ಮುಂಚೆ ಗುಂಯ್ ಸದ್ದಿನ ಮೂಲ ಹುಡುಕಿ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಹಳೇ ಮನೆ. ಅಪ್ಪನ ಕಾಲದ ಎಲ್‌ಪಿ, ಇಪಿ ರೆಕಾರ್ಡ್‌ಗಳು ಎರಡು ಪೆಟ್ಟಿಗೆ ಇವೆ. ಹೋದ ವರ್ಷ ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಜ್ (ಸೂಜಿ ಕೂತಿರುವ ಪುಟ್ಟ ಭಾಗ) ಇರುವ ಟರ್ನ್‌ಟೇಬಲ್ ತಗೊಂಡೆ. ಅದನ್ನು ಒಳಕೋಣೆಯಲ್ಲಿ ಇಟ್ಟಿದ್ದೇನೆ. ಸ್ಟುಡಿಯೋ ಮಾದರಿಯ ಎರಡು ಆಕ್ಟಿವ್ ಸ್ಪೀಕರ್ (ಆಂಪ್ಲಿಫೈಯರ್ ಒಳಗೇ ಇರುವವು) ಪಡಸಾಲೆಯಲ್ಲಿವೆ. ನಡುವೆ ಎಂಟು ಮೀಟರ್ ವೈರ್. ಕಾರ್ಟ್ರಿಜ್‌ನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಫೋನೋ ಪ್ರೀಆಂಪ್ ಈಗ ಸಣ್ಣದೊಂದಿದೆ, ಅದರಲ್ಲಿ ಆರ್‌ಸಿಎ (ಮಾಮೂಲಿ ಆಡಿಯೋ ಪಿನ್) ಮಾತ್ರ ಇದೆ. ಯಾವಾಗಲೂ ಗುಂಯ್ ಅನ್ನುತ್ತಿರುತ್ತದೆ. ಬ್ಯಾಲೆನ್ಸ್ಡ್ ಔಟ್‌ಪುಟ್ ಇರುವ ಪ್ರೀಆಂಪ್ ಹಾಕಿದರೆ ಪೂರ್ತಿ ಹೋಗುತ್ತದೆ ಅಂತ ಅಂಗಡಿಯವರು ಹೇಳಿದರು. ಯಾವುದು ತಗೊಳ್ಳಲಿ ಸರ್?

ಉತ್ತರ: ಅಂಗಡಿಯವರು ಹೇಳಿದ್ದು ಅರ್ಧ ಸರಿ. ನಿಮ್ಮ ಮನೆಯ ಅಳತೆ ನೋಡಿದರೆ ಬ್ಯಾಲೆನ್ಸ್ಡ್ (ಒಂದೇ ಹಾಡಿಗೆ ಎರಡು ವೈರ್, ಮೇಲೆ ಜಾಲರಿ) ಔಟ್‌ಪುಟ್ ಇರುವುದು ಒಳ್ಳೆಯದೇ. ಆದರೆ ಅದು ಸರಿ ಮಾಡುವುದು ಪ್ರೀಆಂಪ್ ಆದ ಮೇಲಿನ ವೈರ್‌ನಲ್ಲಿ ಸೇರಿಕೊಳ್ಳುವ ಸದ್ದನ್ನು ಮಾತ್ರ. ಕಾರ್ಟ್ರಿಜ್‌ನಿಂದ ಪ್ರೀಆಂಪ್‌ವರೆಗಿನ ದಾರಿಯಲ್ಲಿ ಸೇರಿದ ಸದ್ದು ಅದಕ್ಕೆ ಹಾಡಿನ ಹಾಗೆಯೇ ಕಾಣುತ್ತದೆ. ಅದನ್ನೂ ಅಚ್ಚುಕಟ್ಟಾಗಿ ಸ್ಪೀಕರ್‌ಗೆ ತಲುಪಿಸುತ್ತದೆ, ಅಷ್ಟೇ.

ಮೊದಲ ದಾರಿ ಯಾಕೆ ಅಷ್ಟು ನಾಜೂಕು ಅಂತ ಹೇಳುತ್ತೇನೆ. ಎಂಎಂ ಕಾರ್ಟ್ರಿಜ್ ಕೊಡುವುದು ಸಾಮಾನ್ಯವಾಗಿ 5 ಮಿಲಿವೋಲ್ಟ್ ಆಸುಪಾಸು. ಎಂಸಿ (ಮೂವಿಂಗ್ ಕಾಯಿಲ್) ಕಾರ್ಟ್ರಿಜ್ ಆದರೆ ಅದರ ಹತ್ತನೇ ಒಂದು ಭಾಗವೋ ಇನ್ನೂ ಕಡಿಮೆಯೋ. ಎಂಎಂಗೆ ಪ್ರೀಆಂಪ್ ಸಾಮಾನ್ಯವಾಗಿ 40 ಡೆಸಿಬೆಲ್ ಗೇನ್ ಕೊಡುತ್ತದೆ, ಅಂದರೆ ನೂರು ಪಟ್ಟು. ಇದು 1 ಕಿಲೋಹರ್ಟ್ಜ್‌ನ ಲೆಕ್ಕ. ರೆಕಾರ್ಡ್ ಕೆತ್ತುವಾಗ ಗೀರು ತೀರಾ ಅಗಲ ಆಗಬಾರದು ಅಂತ ಬೇಸ್ ತಗ್ಗಿಸುತ್ತಾರೆ, ಪರಪರ ಸದ್ದನ್ನು ಮೀರಲಿ ಅಂತ ಟ್ರೆಬಲ್ ಏರಿಸುತ್ತಾರೆ. 1954ರಲ್ಲಿ ಬಂದ ಆರ್‌ಐಎಎ (ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ) ಲೆಕ್ಕ ಇದು. ಪ್ರೀಆಂಪ್ ಅದನ್ನು ತಿರುಗಿಸಿ ಸರಿ ಮಾಡಬೇಕು. ಹಾಗಾಗಿ 50 ಹರ್ಟ್ಜ್‌ನಲ್ಲಿ ಅದು ಇನ್ನೂ 17 ಡೆಸಿಬೆಲ್ ಏರಿಸುತ್ತದೆ. ಒಟ್ಟು ಏಳುನೂರು ಪಟ್ಟು. ನಮ್ಮ ಮನೆಗಳ ಕರೆಂಟು ಎಷ್ಟು ಹರ್ಟ್ಜ್? ಅದೇ 50. ಹಾಡಿನ ನಡುವಿನ ಸ್ವರ ನೂರು ಪಟ್ಟು ಬೆಳೆಯುವ ಜಾಗದಲ್ಲಿ ಕರೆಂಟಿನ ಸದ್ದು ಏಳುನೂರು ಪಟ್ಟು ಬೆಳೆಯುತ್ತದೆ. ಬೇರೆ ಹೆಚ್ಚಿನ ಆಡಿಯೋ ಸಾಮಾನುಗಳಿಗೆ ಈ ಪಾಡು ಇಲ್ಲ.

ಹಾಗಾಗಿ ದುಡ್ಡು ಬಿಚ್ಚುವ ಮುಂಚೆ ಒಂದು ಸಂಜೆ ಕೂತು ಪರೀಕ್ಷೆ ಮಾಡಿ. ವೈರ್ ತೆಗೆಯುವಾಗ, ಹಾಕುವಾಗ ಸ್ಪೀಕರ್ ಆಫ್ ಇರಲಿ. ಮೊದಲು ಟರ್ನ್‌ಟೇಬಲ್‌ನ ಎರಡೂ ಆರ್‌ಸಿಎ ಪಿನ್‌ಗಳನ್ನು ಪ್ರೀಆಂಪ್‌ನಿಂದ ತೆಗೆಯಿರಿ. ಖಾಲಿ ಇನ್‌ಪುಟ್ ತಾನೇ ಗಾಳಿಯಿಂದ ಸದ್ದು ಹಿಡಿಯುತ್ತದೆ, ಅದನ್ನು ಹಾಗೇ ಬಿಟ್ಟು ಕೇಳಿದರೆ ಮೋಸ ಹೋಗುತ್ತೀರಿ. ಎರಡು ಹಳೇ ಆರ್‌ಸಿಎ ಪಿನ್ ತಗೊಂಡು ನಡುವಿನ ಕಡ್ಡಿಗೂ ಹೊರಗಿನ ಬಳೆಗೂ ಒಂದು ತುಂಡು ವೈರ್ ಬೆಸುಗೆ ಹಾಕಿ. ಆ ಶಾರ್ಟಿಂಗ್ ಪಿನ್‌ಗಳನ್ನು ಇನ್‌ಪುಟ್‌ಗೆ ಚುಚ್ಚಿ ಸ್ಪೀಕರ್ ಆನ್ ಮಾಡಿ. ಈಗ ಪೂರ್ತಿ ಸುಮ್ಮನಾಯಿತಾ? ಹಾಗಾದರೆ ಸದ್ದು ಬರುತ್ತಿರುವುದು ಟರ್ನ್‌ಟೇಬಲ್ ಕಡೆಯಿಂದ. ಬ್ಯಾಲೆನ್ಸ್ಡ್ ಔಟ್‌ಪುಟ್ ಅದಕ್ಕೆ ಮದ್ದಲ್ಲ. ಇನ್ನೂ ಗುಂಯ್ ಅನ್ನುತ್ತಿದ್ದರೆ ತಪ್ಪು ಪ್ರೀಆಂಪ್‌ನಲ್ಲಿ, ಅದರ ಅಡಾಪ್ಟರ್‌ನಲ್ಲಿ ಅಥವಾ ಆ ಎಂಟು ಮೀಟರ್‌ನಲ್ಲಿದೆ.

ಎರಡನೇ ಪರೀಕ್ಷೆ ಇನ್ನೂ ಸುಲಭ. ಒಂದು ಸ್ಪೀಕರ್‌ನ ಆರ್‌ಸಿಎ ವೈರ್ ಪೂರ್ತಿ ಕಿತ್ತು, ಇನ್ನೊಂದನ್ನು ಮಾತ್ರ ಕೇಳಿ. ಸದ್ದು ಗಕ್ಕನೆ ಕಡಿಮೆಯಾದರೆ ಅದು ಗ್ರೌಂಡ್ ಲೂಪ್. ನಿಮ್ಮಲ್ಲಿ ಇದು ಇದ್ದೇ ಇರಬಹುದು ಅಂತ ನನ್ನ ಗುಮಾನಿ. ಎರಡೂ ಆಕ್ಟಿವ್ ಸ್ಪೀಕರ್‌ಗಳಿಗೆ ಮೂರು ಪಿನ್ನಿನ ಪ್ಲಗ್ ಇರುತ್ತದೆ, ಎರಡೂ ಅರ್ಥ್‌ಗೆ ಸೇರಿರುತ್ತವೆ. ಅತ್ತ ಎಡ ಬಲ ಎರಡೂ ವೈರ್‌ಗಳ ಹೊರಜಾಲರಿ ಪ್ರೀಆಂಪ್‌ನಲ್ಲಿ ಒಂದಾಗುತ್ತವೆ. ಮನೆಯೊಳಗೆ ದೊಡ್ಡ ಉಂಗುರ ತಯಾರಾಯಿತು. ಗೋಡೆಯೊಳಗೆ ಓಡುವ ಕರೆಂಟು ವೈರ್‌ಗಳು ಆ ಉಂಗುರದಲ್ಲಿ ಸಣ್ಣ ವಿದ್ಯುತ್ ಹುಟ್ಟಿಸುತ್ತವೆ. ಆರ್‌ಸಿಎಯಲ್ಲಿ ಹಾಡು ವಾಪಸ್ ಹೋಗುವ ದಾರಿಯೂ ಅದೇ ಜಾಲರಿ. ಹಾಗಾಗಿ ಅದು ನೇರ ಹಾಡಿಗೆ ಬೆರೆಯುತ್ತದೆ. ಎರಡು ಸ್ಪೀಕರ್, ಪ್ರೀಆಂಪ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಚುಚ್ಚಿ ನೋಡಿ. ಅಷ್ಟಕ್ಕೇ ಕಡಿಮೆಯಾದರೆ ರೋಗ ಏನು ಅಂತ ಗೊತ್ತಾಯಿತು.

ಟರ್ನ್‌ಟೇಬಲ್ ಕಡೆಯದು ಅಂತ ಗೊತ್ತಾದರೆ ಮೊದಲು ಆ ಸಪೂರ ಗ್ರೌಂಡ್ ವೈರ್ ನೋಡಿ. ಪ್ರೀಆಂಪ್ ಹಿಂದಿನ ತಿರುಪಿಗೆ ಬಿಗಿಯಾಗಿ ಕೂತಿದೆಯಾ? ಆಮೇಲೆ ಕಾರ್ಟ್ರಿಜ್ ಹಿಂದಿನ ನಾಲ್ಕು ಪಿನ್. ಮಲೆನಾಡಿನ ಮನೆಗಳಲ್ಲಿ ನಾನು ಮೊದಲು ಕೈ ಹಾಕುವುದೇ ಅಲ್ಲಿಗೆ. ಸಾಗರದ ಕಡೆಯಿಂದ ಬಂದ ಒಂದು ಟರ್ನ್‌ಟೇಬಲ್‌ನ ಹೆಡ್‌ಶೆಲ್ (ತೋಳಿನಲ್ಲಿ ಕಾರ್ಟ್ರಿಜ್ ಕೂರುವ ತುದಿ) ಬಿಚ್ಚಿ ಭೂತಗನ್ನಡಿ ಹಿಡಿದರೆ ನೀಲಿ ವೈರ್‌ನ ಪುಟಾಣಿ ಕ್ಲಿಪ್ ಪಾಚಿ ಬಣ್ಣಕ್ಕೆ ತಿರುಗಿತ್ತು. ವೈರ್ ಒಂದೇ ಎಳೆಯಲ್ಲಿ ಹಿಡಿದುಕೊಂಡಿತ್ತು, ಮುಟ್ಟಿದರೆ ಕೈಗೆ ಬಂತು. ನೀಲಿ ಅಂದರೆ ಎಡ ಚಾನೆಲ್‌ನ ಮೈನಸ್. ಆ ಕೊಂಡಿ ಬಿಟ್ಟರೆ ಎಡಗಡೆ ಹಾಡು ಸತ್ತು ಬರೀ ಗುಂಯ್ ಉಳಿಯುತ್ತದೆ. ಮಳೆಗಾಲದ ತೇವಕ್ಕೆ ಇದು ಮಾಮೂಲಿ. ಬಿಳಿ ಎಡ ಪ್ಲಸ್, ನೀಲಿ ಎಡ ಮೈನಸ್, ಕೆಂಪು ಬಲ ಪ್ಲಸ್, ಹಸಿರು ಬಲ ಮೈನಸ್ ಅಂತ ನೆನಪಿಟ್ಟುಕೊಂಡು ಒಂದೊಂದಾಗಿ ತೆಗೆದು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಕ್ಲಿಪ್ ಹಿಡಿದೇ ಎಳೆಯಿರಿ, ವೈರ್ ಹಿಡಿದಲ್ಲ.

ತೋಳನ್ನು ಕೈಯಲ್ಲಿ ಹಿಡಿದು ರೆಕಾರ್ಡಿನ ಅಂಚಿನಿಂದ ನಡುವಿಗೆ ತಂದಾಗ ಸದ್ದು ಏರಿಳಿದರೆ ಕಾರ್ಟ್ರಿಜ್ ಮೋಟಾರಿನ ಕಾಂತಕ್ಷೇತ್ರವನ್ನು ಹಿಡಿಯುತ್ತಿದೆ ಎಂದರ್ಥ. ಪಕ್ಕದಲ್ಲೇ ಸ್ಟೆಬಿಲೈಸರೋ ಇನ್ವರ್ಟರೋ ಕೂತಿದ್ದರೂ ಹೀಗೇ. ಸ್ಟೆಬಿಲೈಸರ್, ಇನ್ವರ್ಟರ್ ಆದರೆ ಅವನ್ನು ದೂರ ಸರಿಸಿ.

ಈಗ ಬ್ಯಾಲೆನ್ಸ್ಡ್ ವೈರಿಂಗ್ ಏನು ಮಾಡುತ್ತದೆ ನೋಡೋಣ. ಇದಕ್ಕೆ ಬಳಸುವ, ಮೈಕ್ ವೈರ್‌ನ ತುದಿಯಲ್ಲಿರುವಂಥ ದುಂಡನೆ ಕನೆಕ್ಟರ್ ಎಕ್ಸ್‌ಎಲ್‌ಆರ್. ಅದರಲ್ಲಿ ಮೂರು ಪಿನ್. 1 ಜಾಲರಿಗೆ, 2 ಹಾಡಿಗೆ, 3 ಅದೇ ಹಾಡಿನ ತಿರುಗುಮುರುಗಿಗೆ. ದಾರಿಯಲ್ಲಿ ಸೇರುವ ಕರೆಂಟಿನ ಸದ್ದು ಎರಡೂ ವೈರ್‌ಗಳಲ್ಲಿ ಸಮನಾಗಿ ಕೂರುತ್ತದೆ. ಸ್ಪೀಕರ್ ಒಳಗಿನ ಸರ್ಕ್ಯೂಟ್ ಎರಡರ ವ್ಯತ್ಯಾಸ ಮಾತ್ರ ತಗೊಳ್ಳುತ್ತದೆ. ತಕ್ಕಡಿಯ ಎರಡೂ ಕಡೆ ಒಂದೇ ತೂಕದ ಗೋಣಿಚೀಲ ಇದ್ದರೆ ಮುಳ್ಳು ನೋಡುವುದು ಒಳಗಿನ ಅಡಿಕೆಯನ್ನು ಮಾತ್ರ, ಹಾಗೆ. ಗ್ರೌಂಡ್ ಲೂಪಿನ ವಿದ್ಯುತ್ತೂ ಜಾಲರಿಯಲ್ಲೇ ಹರಿದು ಹೋಗುತ್ತದೆ, ಹಾಡಿನ ದಾರಿಗೆ ಬರುವುದಿಲ್ಲ. ಯಕ್ಷಗಾನದ ರಂಗಸ್ಥಳದಿಂದ ಮಿಕ್ಸರ್‌ವರೆಗೆ ಮೈಕ್ ವೈರ್ ಅಷ್ಟುದ್ದ ಎಳೆದರೂ ಗುಂಯ್ ಅನ್ನದಿರುವುದು ಇದೇ ಕಾರಣಕ್ಕೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಕೆಲವು ಪ್ರೀಆಂಪ್‌ಗಳಲ್ಲಿ ಪಿನ್ 3ರಲ್ಲಿ ಹಾಡೇ ಇರುವುದಿಲ್ಲ. ಪಿನ್ 2ರ ಹಿಂದೆ ಇರುವಷ್ಟೇ ಬೆಲೆಯ ರೆಸಿಸ್ಟರ್ ಹಾಕಿ ಅದನ್ನು ಗ್ರೌಂಡ್‌ಗೆ ಕಟ್ಟಿರುತ್ತಾರೆ. ಇದು ಸುಳ್ಳು ಬ್ಯಾಲೆನ್ಸ್ಡ್ ಅಂತ ಬಯ್ಯುವವರಿದ್ದಾರೆ. ಸುಮ್ನೆ ಬಯ್ಯುತ್ತಾರೆ. ಸದ್ದು ಸಮನಾಗಿ ಸೇರಬೇಕಾದರೆ ಬೇಕಾದದ್ದು ಎರಡೂ ವೈರ್‌ಗಳ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಒಂದೇ ಆಗಿರುವುದು. ಹಾಡು ಎರಡರಲ್ಲೂ ಇರಬೇಕೆಂದೇನಿಲ್ಲ. ಅಂಥದ್ದು ಸಿಕ್ಕರೂ ಧೈರ್ಯವಾಗಿ ತಗೊಳ್ಳಿ. ಎರಡರಲ್ಲೂ ಹಾಡು ಇದ್ದರೆ ಒಂದು ಲಾಭ ಉಂಟು, ಔಟ್‌ಪುಟ್ 6 ಡೆಸಿಬೆಲ್ ಅಂದರೆ ದುಪ್ಪಟ್ಟು ಸಿಗುತ್ತದೆ. 5 ಮಿಲಿವೋಲ್ಟ್‌ನ ನೂರು ಪಟ್ಟು ಅರ್ಧ ವೋಲ್ಟ್. ಎಕ್ಸ್‌ಎಲ್‌ಆರ್‌ನಲ್ಲಿ ಅದು ಒಂದು ವೋಲ್ಟ್. ಸ್ಟುಡಿಯೋ ಸ್ಪೀಕರ್‌ಗಳು 1.23 ವೋಲ್ಟ್ ಆಸುಪಾಸಿನ ಲೆಕ್ಕದಲ್ಲಿ ತಯಾರಾಗುತ್ತವೆ, ಸರಿಯಾಗಿ ಹೊಂದುತ್ತದೆ.

ಬ್ಯಾಲೆನ್ಸ್ಡ್ ಇನ್‌ಪುಟ್ ಇರುವುದೂ ಬರುತ್ತದೆ. ಅದರ ಹಿಂದಿನ ಯೋಚನೆ ಚೆನ್ನಾಗಿದೆ. ಕಾರ್ಟ್ರಿಜ್ ಅಂದರೆ ಯಾವ ಗ್ರೌಂಡಿಗೂ ಸೇರದ ಎರಡು ಸುರುಳಿ, ಹುಟ್ಟಿನಿಂದಲೇ ಬ್ಯಾಲೆನ್ಸ್ಡ್. ನಾವೇ ಆರ್‌ಸಿಎ ಹಾಕಿ ಅದನ್ನು ಕೆಡಿಸುವುದು. ಬಿಳಿಯನ್ನು ಪಿನ್ 2ಕ್ಕೆ, ನೀಲಿಯನ್ನು 3ಕ್ಕೆ, ತೋಳಿನ ಗ್ರೌಂಡನ್ನು 1ಕ್ಕೆ ಕೊಟ್ಟರೆ ಮೊದಲ ದಾರಿಯೇ ಭದ್ರ ಆಗುತ್ತದೆ. ಎಂಸಿ ಇದ್ದವರು ಇದಕ್ಕೆ ಖರ್ಚು ಮಾಡಿದರೆ ದಂಡ ಅಲ್ಲ. ಎಂಎಂನಲ್ಲಿ ತೊಡಕಿದೆ. ಕೆಲವು ಕಾರ್ಟ್ರಿಜ್‌ಗಳಲ್ಲಿ ಒಂದು ಮೈನಸ್ ಪಿನ್‌ನಿಂದ ಲೋಹದ ಮೈಗೆ ಸಣ್ಣ ತಗಡಿನ ಪಟ್ಟಿ ಇರುತ್ತದೆ. ಅದು ಇದ್ದರೆ ಬ್ಯಾಲೆನ್ಸ್ಡ್ ಇನ್‌ಪುಟ್‌ನಲ್ಲಿ ಸದ್ದು ಕಡಿಮೆಯಾಗುವ ಬದಲು ಜಾಸ್ತಿ ಆದೀತು. ಟರ್ನ್‌ಟೇಬಲ್ ವೈರ್ ಕೂಡ ಬದಲಿಸಬೇಕು. ನಿಮಗೆ ಈಗ ಇದು ಬೇಡ. ಒಂದು ಮೀಟರ್ ಒಳ್ಳೇ ಆರ್‌ಸಿಎ ವೈರ್ ಸಾಕು.

ಒಂದು ಮೀಟರ್ ಅಂದದ್ದಕ್ಕೆ ಕಾರಣ ಇದೆ. ಪ್ರೀಆಂಪನ್ನು ಪಡಸಾಲೆಗೆ ತಂದು ಟರ್ನ್‌ಟೇಬಲ್‌ನಿಂದ ಎಂಟು ಮೀಟರ್ ಎಳೆದರೆ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ಆಗಲ್ಲ. ವೈರ್‌ಗೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಟ್ಟುಕೊಳ್ಳುವ ಗುಣ) ಇರುತ್ತದೆ. ಎಂಎಂ ಕಾರ್ಟ್ರಿಜ್‌ಗೆ ಅದರ ಲೆಕ್ಕ ಬಹಳ ಮುಖ್ಯ. ಆಡಿಯೋ-ಟೆಕ್ನಿಕಾದ ವಿಎಂ95 ಸಾಲಿಗೆ 100ರಿಂದ 200, ಆರ್ಟೊಫಾನ್ 2ಎಂ ಸಾಲಿಗೆ 150ರಿಂದ 300 ಅಂತ ತಯಾರಕರೇ ಹೇಳುತ್ತಾರೆ. ಈ ಮಿತಿಯೊಳಗೆ ವೈರ್‌ನದ್ದೂ ಪ್ರೀಆಂಪ್‌ನದ್ದೂ ಸೇರಿ ಹಿಡಿಯಬೇಕು. 800 ಕೊಟ್ಟರೆ ಟ್ರೆಬಲ್ ಒಂದು ಕಡೆ ಉಬ್ಬಿ ಆಮೇಲೆ ಕುಸಿಯುತ್ತದೆ, ತಾಳದ ಸದ್ದು ತಗಡು ಬಡಿದ ಹಾಗೆ ಕೇಳುತ್ತದೆ. ಪ್ರೀಆಂಪ್ ಟರ್ನ್‌ಟೇಬಲ್ ಪಕ್ಕದಲ್ಲೇ ಇರಲಿ, ಉದ್ದದ ವೈರ್ ಅದರ ನಂತರ ಬರಲಿ.

ಇನ್ನು ಆಯ್ಕೆ. ಎಂಎಂಗೆ 40 ಡೆಸಿಬೆಲ್ ಆಸುಪಾಸಿನ ಗೇನ್, 47 ಕಿಲೋಓಮ್ ಲೋಡ್ (ಪ್ರೀಆಂಪ್ ಕಾರ್ಟ್ರಿಜ್‌ಗೆ ಒಡ್ಡುವ ತಡೆ) ಹೆಚ್ಚಿನವುಗಳಲ್ಲಿ ಇರುತ್ತದೆ. ಕೆಪಾಸಿಟೆನ್ಸ್ ಬದಲಿಸುವ ಸ್ವಿಚ್ ಇದ್ದರೆ ಒಳ್ಳೆಯದು. ಮುಂದೆ ಎಂಸಿಗೆ ಹೋಗುವ ಆಸೆ ಇದ್ದರೆ 60 ಡೆಸಿಬೆಲ್ ಬೇಕು, ಲೋಡ್ 100 ಓಮ್ ಸುತ್ತಮುತ್ತ ಬದಲಿಸುವಂತಿರಬೇಕು.

ನಿಮ್ಮ ವಿಷಯದಲ್ಲಿ ನಾನು ಇದಕ್ಕಿಂತ ಜಾಸ್ತಿ ಒತ್ತು ಕೊಡುವುದು ಮೋನೋ ಸ್ವಿಚ್‌ಗೆ. ಅಪ್ಪನ ಕಾಲದ ಪೆಟ್ಟಿಗೆ ಅಂದಿರಿ. ಅರವತ್ತರ ದಶಕದ ಸಿನಿಮಾ ಹಾಡಿನ ಇಪಿಗಳಾದರೆ ಮೋನೋ ಆಗಿರುವುದೇ ಹೆಚ್ಚು. ಮೋನೋ ರೆಕಾರ್ಡಿನಲ್ಲಿ ಹಾಡು ಇರುವುದು ಗೀರಿನ ಅಕ್ಕಪಕ್ಕದ ಓಲಾಟದಲ್ಲಿ ಮಾತ್ರ. ಸೂಜಿಯ ಮೇಲೆ ಕೆಳಗಿನ ಅಲುಗಾಟ ಬರೀ ದೂಳು, ಬೂಷ್ಟಿನ ಗುರುತು, ರೆಕಾರ್ಡಿನ ಡೊಂಕು. ಎರಡೂ ಚಾನೆಲ್ ಕೂಡಿಸಿದಾಗ ಆ ಅಲುಗಾಟ ಕಳೆದುಹೋಗುತ್ತದೆ, ಹಾಡು ಉಳಿಯುತ್ತದೆ. ಪರಪರ ಸದ್ದು ಕಡಿಮೆಯಾಗುವುದು ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಬ್ಯಾಲೆನ್ಸ್ಡ್ ಔಟ್‌ಪುಟ್‌ಗಿಂತ ಈ ಒಂದು ಗುಂಡಿ ನಿಮಗೆ ಹೆಚ್ಚು ಖುಷಿ ಕೊಟ್ಟರೂ ಆಶ್ಚರ್ಯ ಇಲ್ಲ ಮಾರಾಯ್ರೆ. (ಪೆಟ್ಟಿಗೆಯ ತಳದಲ್ಲಿ 78ರ ಅರಗಿನ ಪ್ಲೇಟುಗಳಿದ್ದರೆ ಅವುಗಳ ಕಥೆ ಬೇರೆ. ಅವಕ್ಕೆ ಅಗಲ ತುದಿಯ ಸೂಜಿಯೇ ಬೇಕು, ಆರ್‌ಐಎಎ ಲೆಕ್ಕವೂ ಹೊಂದುವುದಿಲ್ಲ.)

ಇನ್ನೊಂದು, ಸಬ್‌ಸಾನಿಕ್ ಫಿಲ್ಟರ್. ಕೆಲವರು ರಂಬಲ್ ಫಿಲ್ಟರ್ ಅಂತಾರೆ. ನಿಮ್ಮದು ಮರದ ಹಲಗೆಯ ನೆಲ ಆಗಿದ್ದರೆ ಯಾರಾದರೂ ನಡೆದಾಗ ಸೂಜಿ ಅಲುಗುತ್ತದೆ. ಡೊಂಕಾದ ರೆಕಾರ್ಡೂ ಕೆಲವೇ ಹರ್ಟ್ಜ್‌ನಲ್ಲಿ ಸೂಜಿಯನ್ನು ಎತ್ತಿ ಇಳಿಸುತ್ತದೆ. ಕಿವಿಗೆ ಕೇಳುವುದಿಲ್ಲ, ಆದರೆ ಸ್ಪೀಕರಿನ ಕೋನ್ ಹಿಂದೆ ಮುಂದೆ ಓಲಾಡುವುದು ಕಣ್ಣಿಗೇ ಕಾಣುತ್ತದೆ. ಗಾಳಿತೂತು ಇರುವ ಸ್ಟುಡಿಯೋ ಸ್ಪೀಕರ್‌ಗಳಿಗೆ ಈ ಓಲಾಟ ಒಳ್ಳೆಯದಲ್ಲ, ಫಿಲ್ಟರ್ ಅದನ್ನು ತಡೆಯುತ್ತದೆ.

ಹೆಸರು ಕೇಳಿದಿರಲ್ಲ. ಪ್ಯಾರಾಸೌಂಡ್ ಝಡ್‌ಫೋನೋ ಎಕ್ಸ್‌ಆರ್‌ಎಂನಲ್ಲಿ ಎಕ್ಸ್‌ಎಲ್‌ಆರ್ ಔಟ್‌ಪುಟ್, ಮೋನೋ ಗುಂಡಿ, ರಂಬಲ್ ಫಿಲ್ಟರ್ ಮೂರೂ ಇವೆ. ನಿಮ್ಮ ಅಗತ್ಯಕ್ಕೆ ಕಾಗದದ ಮೇಲೆ ಇದೇ ಹತ್ತಿರ. ಅಮೆರಿಕದ ಕಂಪನಿ, ಹೊರಗಿಂದ ತರಿಸುವುದಾದರೆ 230 ವೋಲ್ಟ್‌ಗೆ ಆಗುತ್ತದೆಯಾ ಅಂತ ಖಚಿತ ಮಾಡಿಕೊಳ್ಳಿ. ಪ್ರೊ-ಜೆಕ್ಟ್ ಫೋನೋ ಬಾಕ್ಸ್ ಎಸ್3 ಬಿಯಲ್ಲಿ ಎಕ್ಸ್‌ಎಲ್‌ಆರ್ ಔಟ್‌ಪುಟ್ ಜೊತೆಗೆ ಮಿನಿ ಎಕ್ಸ್‌ಎಲ್‌ಆರ್ ಬ್ಯಾಲೆನ್ಸ್ಡ್ ಇನ್‌ಪುಟ್ಟೂ ಇದೆ. ಮುಂದೆ ಎಂಸಿ ಹಾಕುವ ಯೋಚನೆ ಇದ್ದರೆ ಇದು. ಐಫೈ ಝೆನ್ ಫೋನೋ ಕೂಡ ಬ್ಯಾಲೆನ್ಸ್ಡ್, ಸಬ್‌ಸಾನಿಕ್ ಫಿಲ್ಟರ್ ಇದೆ, ಆದರೆ ಔಟ್‌ಪುಟ್ ಇರುವುದು 4.4 ಮಿಲಿಮೀಟರ್ ಜಾಕ್‌ನಲ್ಲಿ. ಅದರಿಂದ ಎರಡು ಎಕ್ಸ್‌ಎಲ್‌ಆರ್‌ಗೆ ಹೋಗುವ ವೈರ್ ಬೇರೆ ಮಾಡಿಸಬೇಕು. ಎಂಟು ಮೀಟರ್‌ನದ್ದು ಸಿದ್ಧ ಸಿಗುವುದು ಕಷ್ಟ.

ದುಡ್ಡು ಉಳಿಸುವ ದಾರಿಯೂ ಇದೆ. ಪರೀಕ್ಷೆಯಲ್ಲಿ ಗ್ರೌಂಡ್ ಲೂಪ್ ಮಾತ್ರ ಅಂತ ಗೊತ್ತಾದರೆ ಈಗಿರುವ ಪ್ರೀಆಂಪನ್ನೇ ಇಟ್ಟುಕೊಂಡು ವೈರ್ ಬದಲಿಸಿ ನೋಡಿ. ಒಳಗೆ ಎರಡು ವೈರ್, ಮೇಲೆ ಜಾಲರಿ ಇರುವ ಮೈಕ್ ಕೇಬಲ್ ತಗೊಳ್ಳಿ. ಆರ್‌ಸಿಎ ನಡುಕಡ್ಡಿಯಿಂದ ಪಿನ್ 2ಕ್ಕೆ, ಆರ್‌ಸಿಎ ಹೊರಬಳೆಯಿಂದ ಪಿನ್ 3ಕ್ಕೆ, ಜಾಲರಿಯನ್ನು ಎಕ್ಸ್‌ಎಲ್‌ಆರ್ ತುದಿಯಲ್ಲಿ ಮಾತ್ರ ಪಿನ್ 1ಕ್ಕೆ. ಸ್ಪೀಕರಿನ ಎಕ್ಸ್‌ಎಲ್‌ಆರ್ ಇನ್‌ಪುಟ್‌ಗೆ ಚುಚ್ಚಿ. ಪೂರ್ತಿ ಬ್ಯಾಲೆನ್ಸ್ಡ್ ಅಲ್ಲ, ಆದರೆ ಲೂಪಿನ ಸದ್ದು ಬಹಳಷ್ಟು ಇಳಿಯುತ್ತದೆ. ಊರಿನ ಸೌಂಡ್ ಸರ್ವಿಸ್‌ನವರ ಹತ್ತಿರ ಕೇಬಲ್ಲೂ ಸಿಗುತ್ತದೆ, ಬೆಸುಗೆ ಹಾಕುವವರೂ ಸಿಗುತ್ತಾರೆ. ಎಕ್ಸ್‌ಎಲ್‌ಆರ್ ಅಂದರೆ ತಿಳಿಯದಿದ್ದರೆ ಕ್ಯಾನನ್ ಪಿನ್ ಅನ್ನಿ. ಅವರು ಡಿಐ ಬಾಕ್ಸ್ ಹಾಕಿಬಿಡಿ ಅಂದರೆ ಬೇಡ ಅನ್ನಿ. ಅದು ಸಿಗ್ನಲ್ಲನ್ನು ಮೈಕ್ ಮಟ್ಟಕ್ಕೆ ಇಳಿಸುತ್ತದೆ, ಸ್ಪೀಕರಿಗೆ ಸಾಲುವುದಿಲ್ಲ. ಟ್ರಾನ್ಸ್‌ಫಾರ್ಮರ್ ಬೇಕೇ ಆದರೆ ಒಂದಕ್ಕೆ ಒಂದು ಅನುಪಾತದ ಲೈನ್ ಐಸೋಲೇಟರ್ ಕೇಳಿ.

ಹೊಸ ಪ್ರೀಆಂಪ್‌ಗೆ ಎರಡೂ ತುದಿ ಎಕ್ಸ್‌ಎಲ್‌ಆರ್ ವೈರ್ ಮಾಡಿಸುವುದಾದರೆ ಪ್ರೀಆಂಪ್ ಕಡೆಗೆ ಹೆಣ್ಣು ಕನೆಕ್ಟರ್, ಸ್ಪೀಕರ್ ಕಡೆಗೆ ಗಂಡು. ಚುಚ್ಚುವ ಮುಂಚೆ ಮಲ್ಟಿಮೀಟರ್‌ನಲ್ಲಿ 1ಕ್ಕೆ 1, 2ಕ್ಕೆ 2, 3ಕ್ಕೆ 3 ಇದೆಯಾ ನೋಡಿ. ಒಂದು ವೈರ್‌ನಲ್ಲಿ ಮಾತ್ರ 2, 3 ಅದಲುಬದಲಾದರೆ ಒಂದು ಸ್ಪೀಕರ್ ಉಲ್ಟಾ ಫೇಸಿನಲ್ಲಿ ಹಾಡುತ್ತದೆ, ಬೇಸ್ ಮಾಯವಾಗುತ್ತದೆ. ಸಾವಿರಾರು ರೂಪಾಯಿಯ ಹೊಳೆಯುವ ಕೇಬಲ್ ಬೇಡ.

ನೀವು ಕೇಳದ ಒಂದು ಮಾತು. ವಾಲ್ಯೂಮ್ ಎಲ್ಲಿ? ಫೋನೋ ಪ್ರೀಆಂಪ್‌ಗಳಲ್ಲಿ ಸಾಮಾನ್ಯವಾಗಿ ವಾಲ್ಯೂಮ್ ಗುಂಡಿ ಇರುವುದಿಲ್ಲ. ಈಗ ಸ್ಪೀಕರ್ ಹಿಂದೆ ಕೈ ಹಾಕಿ ಒಂದೊಂದೇ ತಿರುಗಿಸುತ್ತಿದ್ದೀರಿ ಅಂತ ಕಾಣುತ್ತದೆ. ಎಕ್ಸ್‌ಎಲ್‌ಆರ್‌ನಲ್ಲಿ ಸದ್ದು ಇನ್ನೂ ಏರುತ್ತದೆ, ಸೂಜಿ ಇಳಿಸುವಾಗಿನ ಧಡ್ ಕೂಡ. ಬ್ಯಾಲೆನ್ಸ್ಡ್ ಇನ್‌ಪುಟ್, ಔಟ್‌ಪುಟ್ ಇರುವ ಒಂದು ಪ್ಯಾಸಿವ್ ಮಾನಿಟರ್ ಕಂಟ್ರೋಲರ್ (ಎರಡೂ ಸ್ಪೀಕರಿಗೆ ಒಂದೇ ವಾಲ್ಯೂಮ್ ಗುಂಡಿ ಇರುವ ಪೆಟ್ಟಿಗೆ) ತಗೊಂಡು ಪಡಸಾಲೆಯಲ್ಲಿ ಸ್ಪೀಕರ್ ಹತ್ತಿರವೇ ಇಡಿ. ಬಜೆಟ್ ಮಾಡುವಾಗ ಇದನ್ನೂ ಸೇರಿಸಿಕೊಳ್ಳಿ.

ಕೊನೆಗೆ ಕರೆಂಟು. ಸ್ಪೀಕರಿನ ಮೂರನೇ ಪಿನ್ ಕಿತ್ತರೆ ಗುಂಯ್ ಹೋಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೋಗಲೂಬಹುದು, ಆದರೆ ಒಳಗೆ ಏನಾದರೂ ಶಾರ್ಟ್ ಆದ ದಿನ ಸ್ಪೀಕರ್ ಮೈ ಮುಟ್ಟಿದವರ ಗತಿ ಏನು? ಕೀಳಬೇಡಿ. ಬದಲಿಗೆ ಮನೆಯ ಅರ್ಥಿಂಗ್ ನೋಡಿಸಿ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥ್ ದುರ್ಬಲ ಆಗುತ್ತದೆ. ಪ್ರೀಆಂಪ್‌ನ ತಗಡಿನ ಮೈ ಮುಟ್ಟಿದಾಗ ಜುಮ್ ಅನ್ನುವುದು, ಮಾರ್ಚ್‌ನಲ್ಲಿದ್ದ ಗುಂಯ್ ಜುಲೈನಲ್ಲಿ ಇಲ್ಲದಿರುವುದು, ಇವೆಲ್ಲ ಅರ್ಥಿಂಗ್ ಕಡೆ ಬೆರಳು ತೋರಿಸುತ್ತವೆ. ಅರ್ಥಿಂಗ್ ಗುಂಡಿಗೆ ನೀರು ಹಾಕುವ ಹಳೇ ರೂಢಿ ಸುಮ್ನೆ ಬಂದದ್ದಲ್ಲ. ಕರೆಂಟು ಹೋಗಿ ಇನ್ವರ್ಟರ್ ಶುರುವಾದಾಗ ಮಾತ್ರ ಜುಂಯ್ ಅಂತ ಒರಟು ಸದ್ದು ಬಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನದ್ದು. ಯಾವ ಪ್ರೀಆಂಪ್ ತಂದರೂ ಅದು ಪೂರ್ತಿ ಹೋಗುವುದು ಕಷ್ಟ, ಸೈನ್ ವೇವ್ ಇನ್ವರ್ಟರ್ ಬೇಕು.

ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾದರೆ ಟರ್ನ್‌ಟೇಬಲ್, ಪ್ರೀಆಂಪ್, ಎರಡೂ ಸ್ಪೀಕರ್ ನಾಲ್ಕರ ಪ್ಲಗ್ಗೂ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಅರ್ಥ್ ಪಿನ್ ಆಗಲೂ ಸೇರಿಯೇ ಇರುತ್ತದೆ. ಬ್ಯಾಲೆನ್ಸ್ಡ್ ವೈರ್‌ಗೂ ಸಿಡಿಲಿಗೂ ಸಂಬಂಧವೇ ಇಲ್ಲ. ಶಾರ್ಟಿಂಗ್ ಪಿನ್ ಹಾಕಿದಾಗ ಏನು ಕೇಳಿಸಿತು ಅಂತ ಬರೆಯಿರಿ. ಹಾಗೇ ಸ್ಪೀಕರ್ ಹಿಂದೆ ಎಕ್ಸ್‌ಎಲ್‌ಆರ್ ಇನ್‌ಪುಟ್ ಪಕ್ಕ +4, -10 ಅಂತ ಸಿಗ್ನಲ್ ಮಟ್ಟದ ಸ್ವಿಚ್ ಇದ್ದರೆ ಅದು ಈಗ ಯಾವ ಕಡೆಗಿದೆ ಅಂತಲೂ ತಿಳಿಸಿ.